ತೆರಪೂ ವ್ಯಾಕರಣವೇ: ಸಂರಚನಾ ಕಡತದ ಪಾಠಶೋಧನೆ

ಓಲೆಗರಿಯ ಲಿಪಿಕಾರರು ಸಾಮಾನ್ಯವಾಗಿ ಪದಗಳ ನಡುವೆ ತೆರಪು ಬಿಡುತ್ತಿರಲಿಲ್ಲ. ಅರ್ಥವರಿತು ಪದ ಬಿಡಿಸುವುದು ಗ್ರಂಥಸಂಪಾದಕನ ಹೊಣೆ. ಯಂತ್ರಕ್ಕೆ ಆ ವಿವೇಕವಿಲ್ಲ. ಮನೆಯ ದೀಪ, ನೀರಿನ ಮೋಟರುಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶದ ನಿಯಮಗಳನ್ನು ‘ಯಾಮಲ್’ ಎಂಬ ಬರಹಕ್ರಮದ ಕಡತದಲ್ಲಿ ಬರೆಯಬಹುದು. ಅಲ್ಲಿ ಯಾವುದು ಯಾವುದಕ್ಕೆ ಅಧೀನವೆಂಬುದನ್ನು ಸಾಲಿನ ಆರಂಭದ ತೆರಪೇ ಸೂಚಿಸುತ್ತದೆ; ಆ ತೆರಪಿಗೆ ಟ್ಯಾಬ್ ಕೀಲಿ ನಿಷಿದ್ಧ.

ಆಲಸನತ್ತಂನ ಮನೆಯೊಂದರಲ್ಲಿ ದೀಪಕ್ಕೆ ‘ಪಡಸಾಲೆ’ ಎಂದು ಹೆಸರಿಡಬೇಕೆನ್ನೋಣ. ತೋರಿಕೆಯ ಹೆಸರು ಕನ್ನಡದಲ್ಲಿರಬಹುದು; ಆಂತರಿಕ ಗುರುತು ಮಾತ್ರ ರೋಮನ್ ಸಣ್ಣಕ್ಷರ, ಅಂಕಿ, ಅಡಿಗೆರೆಗಳಲ್ಲಿಯೇ ಇರಬೇಕು. ಕಡತವನ್ನು ಯುಟಿಎಫ್-8 ಸಂಕೇತಕ್ರಮದಲ್ಲಿ ಉಳಿಸಬೇಕು. ಹಳೆಯ ಆಸ್ಕಿ ಫಾಂಟುಗಳಲ್ಲಿ ಬರೆದದ್ದು ಕಣ್ಣಿಗಷ್ಟೇ ಕನ್ನಡ. ಆ ಫಾಂಟಿಲ್ಲದ ಪರದೆಯಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು.

ತಿದ್ದಿದ ಮಾತ್ರಕ್ಕೆ ಹೊಸ ಪಾಠ ಜಾರಿಗೆ ಬಾರದು. ಮರುಲೋಡ್ ಮಾಡುವವರೆಗೆ ಹಳೆಯದೇ ನಡೆಯುತ್ತಿರುತ್ತದೆ. ಆದುದರಿಂದ ಮೊದಲು ಮೂಲದ ಪ್ರತಿಯೊಂದನ್ನು ತೆಗೆದಿಟ್ಟು, ತಿದ್ದಿ, ತಂತ್ರಾಂಶದ ಪರಿಶೀಲನಾ ಗುಂಡಿಯಿಂದ ದೋಷ ನೋಡಿ, ಅನಂತರ ಮರುಲೋಡ್ ಮಾಡಬೇಕು. ಕೆಲವು ವಿಭಾಗಗಳಿಗೆ ತಂತ್ರಾಂಶದ ಮರುಪ್ರಾರಂಭವೇ ಅಗತ್ಯ.

ಈ ಪರಿಶೀಲನೆ ರೂಪದೋಷವನ್ನು ಹಿಡಿಯುತ್ತದೆ, ಅರ್ಥದೋಷವನ್ನಲ್ಲ. ತೊಟ್ಟಿ ತುಂಬಿದಾಗ ಮೋಟರು ‘ನಿಲ್ಲಲಿ’ ಎನ್ನಬೇಕಾದಲ್ಲಿ ‘ನಡೆಯಲಿ’ ಎಂದು ಬರೆದಿದ್ದರೂ ಯಂತ್ರ ಅದನ್ನು ಶುದ್ಧಪಾಠವೆಂದೇ ಒಪ್ಪುತ್ತದೆ. ಅದನ್ನು ಓದಿ ಕಂಡುಹಿಡಿಯುವ ಹೊಣೆ ಇಲ್ಲಿಯೂ ಸಂಪಾದಕನದೇ.