ಪರೀಕ್ಷೆ ಮುಂದೂಡಿದರೆ ಸಾಕೇ?

ಪ್ರಶ್ನೆ: ಮಳೆ ರಜೆಗಳಿಂದ ಮಗಳ ಹತ್ತನೇ ತರಗತಿಯ ಪಾಠ ತುಂಬ ಹಿಂದೆ ಬಿದ್ದಿದೆ. ಪರೀಕ್ಷೆ ಮುಂದೂಡಲು ಪೋಷಕರೆಲ್ಲ ಸೇರಿ ಮನವಿ ಕೊಡೋಣವೇ?
– ತಾಯಿ, ಕೊಡಗು

ಉತ್ತರ: ಕೊಡಿ, ಬೇಡವೆನ್ನುವುದಿಲ್ಲ. ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಸಿಕ್ಕ ದಿನಗಳಲ್ಲಿ ಪಾಠ ನಡೆಯದಿದ್ದರೆ ಉಳಿಯುವುದು ಆತಂಕವೊಂದೇ. ಕೋವಿಡ್ ಕಾಲದಲ್ಲಿ ಇದನ್ನು ಕಂಡಿದ್ದೇವೆ. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್‌ನಿಂದ ಜುಲೈಗೆ ಹೋಯಿತು, ಆ ನಡುವೆ ತರಗತಿಗಳೇನೂ ತೆರೆಯಲಿಲ್ಲ. ಕೊನೆಗೆ ಜುಲೈ 19 ಮತ್ತು 22ರಂದು, ಎರಡೇ ದಿನದಲ್ಲಿ, ಬಹು ಆಯ್ಕೆ ಪ್ರಶ್ನೆ ಕೊಟ್ಟು ಮುಗಿಸಿದರು. ಮಕ್ಕಳು ಕಲಿಯದ ಪಾಠವನ್ನು ಹೊತ್ತುಕೊಂಡೇ ಪಿಯುಸಿಗೆ ಹೋದರು.

ನಿಮ್ಮ ಮಗಳ ಗಣಿತದ ನೋಟ್ ಪುಸ್ತಕ ತೆರೆದು ನೋಡಿ. ವರ್ಗ ಸಮೀಕರಣದಲ್ಲಿ ಮಧ್ಯದ ಪದವನ್ನು ಒಡೆಯುವಾಗ ಚಿಹ್ನೆ ತಪ್ಪುತ್ತಿದ್ದಾಳೆಯೇ? ಹಾಗಿದ್ದರೆ ಕೊರತೆ ಇರುವುದು ಒಂಬತ್ತನೆಯ ತರಗತಿಯ ಅಪವರ್ತನದಲ್ಲಿ. ಪಕ್ಕದಲ್ಲಿ ಕೂತು ತಿದ್ದುವವರಿಲ್ಲದೆ ಇನ್ನೊಂದು ತಿಂಗಳು ಕೊಟ್ಟರೂ ಅದು ಸರಿಹೋಗದು. ಅಲ್ಲದೆ, ಪರೀಕ್ಷೆ ತಡವಾದರೆ ಫಲಿತಾಂಶವೂ ಕಾಲೇಜು ದಾಖಲಾತಿಯೂ ತಡ.

ಮನವಿಯಲ್ಲಿ ಶನಿವಾರ ಮಧ್ಯಾಹ್ನದ ಪೂರಕ ತರಗತಿಗಳನ್ನು ಮೊದಲು ಕೇಳಿ. (ಶಿಕ್ಷಕರು ಗೊಣಗಿಯಾರು, ಗೊಣಗಲಿ.) ದಿನಾಂಕದ ಮಾತು ಆಮೇಲೆ.