ಹಗುರವಾದ ಫ್ಲೈವೀಲು ಮತ್ತು ಹೊಸ ಕ್ಲಚ್ಚು

ನಮ್ಮ ಶಾಲೆಯಲ್ಲಿ ಓದಿ, ಈಗ ದುಬಾಯಿಯ ಮೋಟಾರು ಕಾರ್ಯಾಗಾರವೊಂದರಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಮಳೆಗಾಲದಲ್ಲಿ ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದನು. “ಮಾಷ್ಟ್ರೇ, ಇಲ್ಲಿಗೆ ಒಂದು ಹಳೆಯ ಮಾಜ್ದಾ ಎಂ.ಎಕ್ಸ್.-೫ ಕಾರು ಬಂದಿದೆ. ಅದರ ಫ್ಲೈವೀಲನ್ನು ಹಗುರ ಮಾಡಿ, ಹೊಸ ಕ್ಲಚ್ಚು ಹಾಕಬೇಕೆಂದು ಕಾರಿನವರ ಬಯಕೆ. ಹಗುರವಾದದ್ದನ್ನು ಕೊಂಡರೆ ದುಡ್ಡು ಹೆಚ್ಚು. ಹಳೆಯದನ್ನೇ ಲೇತಿಗೆ ಕೊಟ್ಟು ಕೆತ್ತಿಸಿಬಿಡು ಎನ್ನುತ್ತಾರೆ. ಕೆತ್ತಿಸಲೋ ಬೇಡವೋ?” ಬೇಡವೆಂದು ನಾವು ಒಡನೆಯೇ ಉತ್ತರವಿತ್ತೆವು. ಆದರೆ ಕಾರಣವನ್ನು ಹೇಳದೆ ಬೇಡವೆಂದಷ್ಟೇ ಹೇಳುವ ಉಪಾಧ್ಯಾಯನು ಅರ್ಧ ಕೆಲಸವನ್ನು ಮಾತ್ರ ಮಾಡಿದಂತಾಗುವುದು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ. ಒಂಬತ್ತು, ಹತ್ತನೆಯ ತರಗತಿಗಳ ವಿದ್ಯಾರ್ಥಿಗಳೂ ಇದನ್ನು ಓದಬಹುದು.

ಕುಂಬಾರನು ತನ್ನ ತಿಗರಿಯನ್ನು ಕೋಲಿನಿಂದ ಜೋರಾಗಿ ತಿರುಗಿಸಿ ಕೋಲನ್ನು ಬದಿಗಿಟ್ಟ ಮೇಲೆಯೂ ಅದು ಬಹಳ ಹೊತ್ತು ತಿರುಗುತ್ತಿರುವುದನ್ನು ನೀವು ಕಂಡಿರಬಹುದು. ಕೈಯ ಶಕ್ತಿಯನ್ನು ತಿಗರಿಯು ತನ್ನಲ್ಲಿ ಕೂಡಿಟ್ಟುಕೊಂಡು, ಮಣ್ಣಿಗೆ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗಿಸುತ್ತದೆ. ಫ್ಲೈವೀಲಿನ ಕೆಲಸವೂ ಇದೇ. ನಾಲ್ಕು ಹೊಡೆತಗಳ ಎಂಜಿನಿನಲ್ಲಿ ಪ್ರತಿ ಸಿಲಿಂಡರಿನ ನಾಲ್ಕು ಹೊಡೆತಗಳ ಪೈಕಿ ಒಂದು ಮಾತ್ರ ಶಕ್ತಿಯನ್ನು ಕೊಡುವಂಥದು. ಮಿಕ್ಕ ಮೂರೂ ಶಕ್ತಿಯನ್ನು ಬೇಡುವಂಥವು. ಸಿಲಿಂಡರುಗಳು ನಾಲ್ಕಿದ್ದಾಗ ಅರ್ಧ ಸುತ್ತಿಗೊಂದು ನೂಕು ದೊರೆಯುತ್ತದೆ. ನೂಕಿನಿಂದ ನೂಕಿಗೆ ನಡುವೆ ಕ್ರ್ಯಾಂಕ್‌ಶಾಫ್ಟು ತಡವರಿಸದಂತೆ ಅದರ ತುದಿಗೆ ಬಿಗಿದ ಭಾರವಾದ ಚಕ್ರವೇ ಫ್ಲೈವೀಲು. ಕ್ಲಚ್ಚಿನ ತಟ್ಟೆ ಬಂದು ಒತ್ತಿಕೊಳ್ಳುವುದೂ ಇದರ ಮುಖದ ಮೇಲೆಯೇ. ಎಂಜಿನನ್ನು ಹೊರಡಿಸುವ ಸ್ಟಾರ್ಟರಿನ ಹಲ್ಲುಗಳು ಕಚ್ಚುವುದೂ ಇದರ ಅಂಚಿನ ಹಲ್ಲುಬಳೆಯನ್ನೇ.

ತಿರುಗುವ ವಸ್ತುವಿನ ಜಡತ್ವವು ಅದರ ತೂಕವನ್ನಷ್ಟೇ ಅವಲಂಬಿಸಿರುವುದಿಲ್ಲ. ಆ ತೂಕವು ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನೂ ಅವಲಂಬಿಸಿರುತ್ತದೆ. ಒಂದೇ ತೂಕದ ಕಬ್ಬಿಣವನ್ನು ಎರಡರಷ್ಟು ದೂರಕ್ಕೆ ಸರಿಸಿದರೆ ಜಡತ್ವವು ನಾಲ್ಕರಷ್ಟಾಗುವುದು. ಆದುದರಿಂದ ಹಗುರವಾದ ಫ್ಲೈವೀಲನ್ನು ಕೊಳ್ಳುವವನು ತಕ್ಕಡಿಯ ಅಂಕೆಯನ್ನು ಮಾತ್ರ ನೋಡಬಾರದು. ತೂಕವನ್ನು ಎಲ್ಲಿಂದ ತೆಗೆದಿದ್ದಾರೆ ಎಂಬುದನ್ನೂ ವಿಚಾರಿಸಬೇಕು.

ಮೇಲೆ ಹೇಳಿದ ಕಾರು ೧೯೮೯ರ ಫೆಬ್ರುವರಿಯಲ್ಲಿ ಶಿಕಾಗೋ ನಗರದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಎಂಜಿನು ಮುಂದೆ, ನಡೆಸುವ ಚಕ್ರಗಳು ಹಿಂದೆ, ಕುಳಿತುಕೊಳ್ಳಲು ಇಬ್ಬರಿಗೆ ಮಾತ್ರ ಸ್ಥಳ. ೨೦೧೬ರ ಏಪ್ರಿಲ್ ತಿಂಗಳಲ್ಲಿ ಇದರ ಹತ್ತು ಲಕ್ಷದ ಕಾರು ತಯಾರಾಯಿತು. ಮೊದಲ ಮಾದರಿಯ ಫ್ಲೈವೀಲಿನ ತೂಕ ಸುಮಾರು ೮ ಕಿಲೋಗ್ರಾಂ. ಹಗುರವಾದವು ಅದರ ಅರ್ಧದಷ್ಟೂ ದೊರೆಯುತ್ತವೆ. ಇದರಿಂದಾಗುವ ಲಾಭವೆಷ್ಟು? ಲೆಕ್ಕ ಮಾಡಿಯೇ ನೋಡೋಣ.

೧೪ ಸೆಂಟಿಮೀಟರು ತ್ರಿಜ್ಯದ, ೮ ಕಿಲೋ ತೂಕದ ಸಮನಾದ ಬಿಲ್ಲೆಯ ಜಡತ್ವವು ಸುಮಾರು ೦.೦೮ ಕಿಲೋಗ್ರಾಂ-ಚದರಮೀಟರು. ತೂಕವನ್ನು ಅರ್ಧಕ್ಕಿಳಿಸಿದರೆ ೦.೦೪ ಉಳಿತಾಯವಾಯಿತು. ಮೊದಲನೆಯ ಗೇರಿನ ಪ್ರಮಾಣ ೩.೧೩೬, ಹಿಂದಿನ ಅಚ್ಚಿನದು ೪.೩. ಎರಡನ್ನೂ ಗುಣಿಸಿದರೆ ೧೩.೫ ಬರುತ್ತದೆ, ಎಂದರೆ ಗಾಲಿ ಒಂದು ಸುತ್ತು ಸುತ್ತುವಷ್ಟರಲ್ಲಿ ಫ್ಲೈವೀಲು ಹದಿಮೂರೂವರೆ ಸುತ್ತು ಸುತ್ತಿರುತ್ತದೆ. ಈ ೧೩.೫ನ್ನು ಗಾಲಿಯ ತ್ರಿಜ್ಯವಾದ ೦.೨೯ ಮೀಟರಿನಿಂದ ಭಾಗಿಸಿ, ವರ್ಗ ಮಾಡಿ, ೦.೦೪ರಿಂದ ಗುಣಿಸಿರಿ: ಸುಮಾರು ೮೬ ಕಿಲೋ! ಮೊದಲ ಗೇರಿನಲ್ಲಿ ವೇಗವನ್ನು ಹೆಚ್ಚಿಸುವಾಗ, ಕಾರಿನಿಂದ ಒಬ್ಬ ದಷ್ಟಪುಷ್ಟ ಮನುಷ್ಯನನ್ನು ಇಳಿಸಿದಷ್ಟು ಹಗುರವಾಯಿತೆಂದು ತಿಳಿಯಬೇಕು. ಇದೇ ಲೆಕ್ಕವನ್ನು ಐದನೆಯ ಗೇರಿಗೆ ಮಾಡಿ ನೋಡಿರಿ. ಅದರ ಪ್ರಮಾಣ ೦.೮೧೪. ಉತ್ತರವು ೬ ಕಿಲೋವನ್ನೂ ಮುಟ್ಟುವುದಿಲ್ಲ. ಒಂದೇ ವೇಗದಲ್ಲಿ ಸಾಗುತ್ತಿರುವಾಗಲಂತೂ ಲಾಭವೇ ಇಲ್ಲ. ಎಂಜಿನಿನ ಅಶ್ವಶಕ್ತಿಯು ಇದರಿಂದ ಗುಂಜಿಯಷ್ಟೂ ಹೆಚ್ಚುವುದಿಲ್ಲವೆಂಬುದನ್ನು ಮರೆಯಬಾರದು.

ನಷ್ಟವೂ ಉಂಟು. ಕೂಡಿಟ್ಟ ಶಕ್ತಿ ಕಡಿಮೆಯಾದುದರಿಂದ ನಿಂತಲ್ಲಿ ಎಂಜಿನು ನಡುಗುತ್ತದೆ. ಗೇರುಪೆಟ್ಟಿಗೆಯಲ್ಲಿ ಕಟಕಟ ಸದ್ದು ಕೇಳಿಸಬಹುದು. ಏರಿನಲ್ಲಿ ಕಾರನ್ನು ಹೊರಡಿಸುವಾಗ ಕಾಲಿನ ಹದ ತಪ್ಪಿದರೆ ಎಂಜಿನು ನಿಂತೇಹೋಗುವುದು. ಪಂದ್ಯದ ಬಯಲಿನಲ್ಲಿ ಗುಣವಾದುದು ಪೇಟೆಯ ಜನಸಂದಣಿಯಲ್ಲಿ ದೋಷವಾಗಿ ಪರಿಣಮಿಸುತ್ತದೆ.

ಇನ್ನು ಕೆತ್ತಿಸುವ ಮಾತು. ಎಂಜಿನು ನಿಮಿಷಕ್ಕೆ ೭೦೦೦ ಸುತ್ತು ತಿರುಗುವಾಗ ಫ್ಲೈವೀಲಿನ ಅಂಚು ಸೆಕೆಂಡಿಗೆ ನೂರು ಮೀಟರಿಗೂ ಮಿಗಿಲಾದ ವೇಗದಲ್ಲಿ ಓಡುತ್ತಿರುತ್ತದೆ. ಗಂಟೆಗೆ ಸುಮಾರು ೩೭೦ ಕಿಲೋಮೀಟರು. ಆ ಅಂಚಿನ ಒಂದೊಂದು ಗ್ರಾಂ ಕಬ್ಬಿಣವೂ ಏಳೂವರೆ ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ಹಳೆಯ ಫ್ಲೈವೀಲು ಎರಕದ ಕಬ್ಬಿಣದ್ದು. ಎರಕದ ಕಬ್ಬಿಣವು ಒತ್ತುವಿಕೆಯನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದು ಕಡಿಮೆ. ಬಾಗದೆ, ಸೂಚನೆ ಕೊಡದೆ ಒಡೆಯುವುದು ಅದರ ಸ್ವಭಾವ. ಲೇತಿನ ಉಳಿ ಬಿಟ್ಟ ಚೂಪಾದ ಮೂಲೆಯೇ ಬಿರುಕಿನ ಬೀಜ. ಮೇಲಾಗಿ ಕ್ಲಚ್ಚು ಜಾರುವಾಗ ಹುಟ್ಟುವ ಶಾಖವನ್ನು ಹೀರಬೇಕಾದ ಲೋಹವನ್ನೇ ನಾವು ಕೆತ್ತಿ ತೆಗೆದಿರುತ್ತೇವೆ. ಅದು ಸಿಡಿದರೆ ಚೂರುಗಳು ಹಾರುವುದೆಲ್ಲಿಗೆ? ಈ ಕಾರಿನಲ್ಲಿ ಫ್ಲೈವೀಲು ಇರುವುದು ನಡೆಸುವವನ ಪಾದಗಳಿಂದ ಹೆಚ್ಚು ದೂರದಲ್ಲಲ್ಲ. ಮುಖವನ್ನು ನಯಗೊಳಿಸಲು ತೆಳ್ಳಗೆ ಒಂದು ಪದರ ತೆಗೆಸುವುದು ಬೇರೆ. ಅದನ್ನು ನಾವು ಬೇಡವೆನ್ನುವುದಿಲ್ಲ. ಹಗುರವೇ ಬೇಕಿದ್ದರೆ ಅದಕ್ಕೆಂದೇ ಗಟ್ಟಿ ಉಕ್ಕಿನಿಂದ ಮಾಡಿ ಸಮತೋಲನ ನೋಡಿದ್ದನ್ನು, ಇಲ್ಲವೆ ಉಕ್ಕಿನ ಮುಖವನ್ನು ಕೂಡಿಸಿದ ಅಲ್ಯುಮಿನಿಯಮ್ಮಿನದನ್ನು ಕೊಳ್ಳತಕ್ಕದ್ದು.

ಗೇರುಪೆಟ್ಟಿಗೆಯನ್ನು ಇಳಿಸದೆ ಫ್ಲೈವೀಲು ಕೈಗೆ ಸಿಗದು. ಈ ಕಾರಿನಲ್ಲಿ ಗೇರುಪೆಟ್ಟಿಗೆಗೂ ಹಿಂದಿನ ಅಚ್ಚಿನ ಪೆಟ್ಟಿಗೆಗೂ ಉದ್ದವಾದ ಅಲ್ಯುಮಿನಿಯಮ್ ತೊಲೆಯೊಂದನ್ನು ಬಿಗಿದಿರುವುದರಿಂದ ಅದನ್ನೂ ಬಿಚ್ಚಬೇಕು. ಇಷ್ಟು ಶ್ರಮಪಟ್ಟ ಮೇಲೆ ಹಳೆಯ ಕ್ಲಚ್ಚನ್ನೇ ಮತ್ತೆ ಹಾಕುವುದು ಜಾಣತನವಲ್ಲ. ತಟ್ಟೆ, ಒತ್ತುಫಲಕ, ಬಿಡುಗಡೆಯ ಬೇರಿಂಗು, ಕ್ರ್ಯಾಂಕ್‌ಶಾಫ್ಟಿನ ತುದಿಯ ಪುಟ್ಟ ಬೇರಿಂಗು, ಹಿಂಬದಿಯ ಎಣ್ಣೆಯ ಸೀಲು ಇವೆಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ೧.೬ ಲೀಟರಿನ ಕಾರಿಗೆ ೨೦೦ ಮಿಲಿಮೀಟರಿನ ತಟ್ಟೆ, ೧.೮ ಲೀಟರಿನದಕ್ಕೆ ೨೧೫ ಮಿಲಿಮೀಟರಿನದು. ಫ್ಲೈವೀಲೂ ಅದಕ್ಕೆ ಹೊಂದುವಂಥದೇ ಆಗಿರಬೇಕು. ಹಳೆಯ ಕಾರುಗಳ ಕ್ಲಚ್ಚಿನ ಧೂಳಿನಲ್ಲಿ ಕಲ್ನಾರು ಇರುವ ಸಂಭವವುಂಟು. ಅದನ್ನು ಗಾಳಿಯಿಂದ ಊದದೆ ಒದ್ದೆಬಟ್ಟೆಯಿಂದ ಒರೆಸಬೇಕು. ಕಾರಿನ ಕೆಳಗೆ ನುಗ್ಗುವ ಮೊದಲು ಅದನ್ನು ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸಬೇಕು, ಜಾಕಿಯೊಂದನ್ನೇ ನಂಬತಕ್ಕದ್ದಲ್ಲ.

ಫ್ಲೈವೀಲಿನ ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸರದಿಯಲ್ಲಿ ಬಿಗಿಯಬೇಕು. ಕೊನೆಯ ಬಿಗಿತವು ಸುಮಾರು ೧೦೦ ನ್ಯೂಟನ್-ಮೀಟರು; ಎಂದರೆ ಒಂದು ಮೀಟರು ಉದ್ದದ ಹಿಡಿಯ ತುದಿಗೆ ಹತ್ತು ಕಿಲೋ ತೂಗುಹಾಕಿದಷ್ಟು. ಬಿಗಿತವನ್ನು ಕೈಯ ಅಂದಾಜಿಗೆ ಬಿಡದೆ ಅಳತೆಯ ಸ್ಪ್ಯಾನರಿನಿಂದಲೇ ನೋಡಬೇಕು. ಹೊಸ ಮುಖದ ಮೇಲೆ ತುಕ್ಕು ಹಿಡಿಯದಂತೆ ಸವರಿದ ಎಣ್ಣೆಯನ್ನು ಪೂರ್ತಿ ತೊಳೆದುಬಿಡಬೇಕು. ತಟ್ಟೆಯ ಯಾವ ಬದಿ ಫ್ಲೈವೀಲಿನ ಕಡೆಗೆ ಎಂಬುದನ್ನು ನೋಡಿಕೊಂಡು, ನಡುವನ್ನು ಹೊಂದಿಸುವ ಗೂಟವನ್ನು ತೂರಿಸಿದ ಮೇಲೆಯೇ ಒತ್ತುಫಲಕವನ್ನು ಬಿಗಿಯತಕ್ಕದ್ದು. ನಡು ತಪ್ಪಿದರೆ ಗೇರುಪೆಟ್ಟಿಗೆಯ ದಂಡವು ಒಳಹೋಗುವುದಿಲ್ಲ. ಆಗ ಬಲಪ್ರಯೋಗ ಮಾಡಿ ತಟ್ಟೆಯನ್ನು ಕೆಡಿಸುವವರೇ ಹೆಚ್ಚು. ದಂಡದ ಹಲ್ಲುಗಳಿಗೆ ಗ್ರೀಸು ತೋರಿಕೆಯಷ್ಟು ಸಾಕು. ಹೆಚ್ಚಾದುದು ಸಿಡಿದು ತಟ್ಟೆಗೆ ಅಂಟುವುದು. ಮೊದಲ ಕೆಲವು ನೂರು ಕಿಲೋಮೀಟರುಗಳವರೆಗೆ ಕಾರನ್ನು ಸಾವಧಾನವಾಗಿ ನಡೆಸಿದರೆ ಹೊಸ ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ನಮ್ಮ ವಿದ್ಯಾರ್ಥಿಯು ಈ ಲೆಕ್ಕವನ್ನೆಲ್ಲ ಕಾರಿನವರ ಮುಂದಿಟ್ಟನಂತೆ. ಅವರು ಎರಡು ದಿನ ಯೋಚಿಸಿ ಉಕ್ಕಿನದನ್ನೇ ತರಿಸಿಕೊಟ್ಟರು. ಹಳೆಯ ಫ್ಲೈವೀಲು ಕಾರ್ಯಾಗಾರದ ಬಾಗಿಲು ಗಾಳಿಗೆ ಮುಚ್ಚದಂತೆ ಆನಿಸಲು ಉಪಯೋಗಕ್ಕೆ ಬಂದಿದೆ. ಕಾರನ್ನು ಒಯ್ದ ದಿನ ಮೊದಲ ದೀಪದಲ್ಲಿಯೇ ಎಂಜಿನು ಮೂರು ಸಲ ನಿಂತಿತೆಂದು ಅವರು ದೂರವಾಣಿಯಲ್ಲಿ ತಿಳಿಸಿದರೆಂದೂ, ನಾಲ್ಕನೆಯ ದಿನದಿಂದ ದೂರು ಬರಲಿಲ್ಲವೆಂದೂ ಅವನು ಬರೆದಿದ್ದಾನೆ.