ಯುದ್ಧ ಬೇಕೆಂದವರು, ಶಾಂತಿ ಬಯಸಿದವರು

ಯುದ್ಧವೆಂದರೆ ಎರಡು ಸರಕಾರಗಳ ಜಗಳವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಪ್ರತಿಯೊಂದು ರಾಜ್ಯದ ಒಳಗೂ ಯುದ್ಧ ಬೇಕೆನ್ನುವವರು, ಬೇಡವೆನ್ನುವವರು ಇರುತ್ತಾರೆ. ಯುದ್ಧದಿಂದ ಯಾರ ಆಸ್ತಿ ಉಳಿಯುತ್ತದೆ, ಯಾರ ಪ್ರಾಣ ಹೋಗುತ್ತದೆ ಎಂದು ವಿಚಾರಿಸಿದರೆ ಈ ಭೇದ ತಿಳಿಯುತ್ತದೆ. ಇದನ್ನು ಕಲಿಯಲು ನಮ್ಮ ಧಾರೂರಿನ ಸುತ್ತಣ ಸೀಮೆಯ ಇತಿಹಾಸವೇ ಸಾಕು.

ಈ ಸೀಮೆಯೆಲ್ಲ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ತಾಂಡೂರು ಗುಲಬರ್ಗಾ ಜಿಲ್ಲೆಗೂ, ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಗೂ ಸೇರಿದ್ದವು. ಹೈದರಾಬಾದ್ ಸಂಸ್ಥಾನದ ನೆಲದಲ್ಲಿ ಸುಮಾರು ಶೇಕಡಾ 30 ಭಾಗ ಜಾಗೀರುದಾರರ ಕೈಯಲ್ಲಿತ್ತು. ಸುಮಾರು ಶೇಕಡಾ 10 ಭಾಗ ನಿಜಾಮರ ಸ್ವಂತದ ಸರ್ಫ್-ಎ-ಖಾಸ್ ಆಗಿತ್ತು. ಉಳಿದ ದಿವಾನಿ ಭೂಮಿಯಲ್ಲಿಯೂ ಅನೇಕ ಕಡೆ ದೇಶಮುಖರದೇ ದರ್ಬಾರು. ಉಳುವವನ ಪಾಲಿಗೆ ಬಿಟ್ಟಿ ಚಾಕರಿ ಮತ್ತು ಲೇವಿ ಧಾನ್ಯ. ಈ ಅನ್ಯಾಯದ ವಿರುದ್ಧ 1946ರಲ್ಲಿಯೇ ತೆಲಂಗಾಣದ ರೈತರು ಎದ್ದು ನಿಂತಿದ್ದರು.

1947ರ ಜೂನ್‌ನಲ್ಲಿ ನಿಜಾಮರು ತಾವು ಸ್ವತಂತ್ರರಾಗಿರುವುದಾಗಿ ಸಾರಿದರು. ಭಾರತದಲ್ಲಿ ವಿಲೀನವಾದರೆ ತಮ್ಮ ಅಧಿಕಾರವೂ ಜಾಗೀರುಗಳೂ ಹೋಗುವವೆಂಬ ಭಯ ಮೇಲಿನವರಲ್ಲಿತ್ತು. ಕಾಸಿಂ ರಜ್ವಿಯ ರಜಾಕಾರರು ಈ ಹಟಕ್ಕೆ ಬಲವಾದರು. ರೈತರನ್ನು ಅಡಗಿಸಲು ಕೆಲವು ಹಿಂದೂ ದೇಶಮುಖರೂ ರಜಾಕಾರರ ನೆರವು ಪಡೆದರು. ಆದ್ದರಿಂದ ಇದನ್ನು ಬರಿಯ ಮತದ ಜಗಳವೆಂದು ನಾವು ತಿಳಿಯಬಾರದು.

ಸಂಧಾನದ ಯತ್ನಗಳೂ ನಡೆದವು. 1947ರ ಅಕ್ಟೋಬರ್ 27ರಂದು ಪ್ರಧಾನಿ ಛತ್ತಾರಿಯ ನವಾಬರೂ ಇತರ ಸಂಧಾನಕಾರರೂ ದಿಲ್ಲಿಗೆ ಹೊರಡದಂತೆ ಗುಂಪು ಅವರ ಮನೆಗಳನ್ನು ಮುತ್ತಿತು. ಛತ್ತಾರಿಯವರು ಪದವಿ ಬಿಟ್ಟರು. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿಯಾದರೂ ಶಾಂತಿ ನೆಲೆಸಲಿಲ್ಲ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಅನೇಕರನ್ನು ಕೊಂದರು.

ಅಂಥ ದಿನಗಳಲ್ಲಿಯೂ ಧೈರ್ಯದಿಂದ ಮಾತನಾಡಿದವರಿದ್ದರು. ಸ್ವಾಮಿ ರಮಾನಂದ ತೀರ್ಥರು ವಿಲೀನಕ್ಕಾಗಿ ಸತ್ಯಾಗ್ರಹ ಹೂಡಿ ಸೆರೆಮನೆ ಸೇರಿದರು. 1948ರ ಆಗಸ್ಟ್‌ನಲ್ಲಿ ಏಳು ಮಂದಿ ಮುಸ್ಲಿಂ ಗಣ್ಯರು, ರಜಾಕಾರರನ್ನು ವಿಸರ್ಜಿಸಿ ಭಾರತವನ್ನು ಸೇರಬೇಕೆಂದು ಹೇಳಿಕೆ ಕೊಟ್ಟರು. ಉರ್ದು ಪತ್ರಿಕೆ ‘ಇಮ್ರೋಜ್’ನ ತರುಣ ಸಂಪಾದಕ ಶೋಯೆಬುಲ್ಲಾ ಖಾನರು ಇದೇ ವಿಚಾರವನ್ನು ಬರೆಯುತ್ತಿದ್ದರು. ಅದೇ ತಿಂಗಳು ಅವರು ರಾತ್ರಿ ಮನೆಗೆ ಮರಳುವಾಗ ಕೊಲೆಯಾದರು.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 16ರಂದು ಜಹೀರಾಬಾದಿನತ್ತ ಸಾಗಿತು. 17ರಂದು ನಿಜಾಮರು ಕದನವಿರಾಮ ಘೋಷಿಸಿದರು. ಐದು ದಿನಗಳಲ್ಲಿ ಯುದ್ಧ ಮುಗಿದರೂ ದುಃಖ ಮುಗಿಯಲಿಲ್ಲ. ಆ ಬಳಿಕ ನಡೆದ ಹಿಂಸೆಯಲ್ಲಿ ಸಾವಿರಾರು ಮುಸ್ಲಿಮರು ಸತ್ತರು. ಪಂಡಿತ ಸುಂದರಲಾಲರ ಸಮಿತಿಯು ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರಗಳನ್ನೂ ಎಣಿಸಿತು. ರಜ್ವಿಯ ಭಾಷಣದ ಬೆಲೆಯನ್ನು, ರಜಾಕಾರರೊಡನೆ ಸಂಬಂಧವೇ ಇಲ್ಲದ ಬಡವರೂ ತೆರಬೇಕಾಯಿತು.

1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾದವು. ಜಾಗೀರುದಾರರಿಗೆ ಪರಿಹಾರಧನವೂ ದೊರೆಯಿತು. ರೈತರ ಹೋರಾಟ ಮಾತ್ರ 1951ರವರೆಗೆ ನಡೆಯಿತು. ತುಪಾಕಿ ಸುಮ್ಮನಾದರೆ ಸಾಲದು, ಉಳುವವನಿಗೆ ನೆಲವೂ ಮಾನವೂ ದೊರೆತಾಗಲೇ ಶಾಂತಿ ನಿಲ್ಲುತ್ತದೆ ಎಂಬುದು ಇದರಿಂದ ನಾವು ಕಲಿಯುವ ಪಾಠ.

ವಿದ್ಯಾರ್ಥಿ ಮಿತ್ರರೇ, ನಮ್ಮ ಊರುಗಳಲ್ಲಿ ಆ ದಿನಗಳನ್ನು ಕಂಡ ಹಿರಿಯರು ಇನ್ನು ಕೆಲವರೇ. ಅವರ ಬಳಿ ಕುಳಿತು ಕೇಳೋಣ, ಕೇಳಿದ್ದನ್ನು ಬರೆದಿಡೋಣ.